ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆಯೇ?

ಪ್ರಶ್ನೆ (ಬಿಎ ವಿದ್ಯಾರ್ಥಿನಿ, ಶಿರಸಿ):

ಎಲ್ಲರಿಗೂ ನಮಸ್ಕಾರ. ಲಿಬರಲ್ ಆರ್ಟ್ಸ್ ಕಾಲೇಜಿನ ಮೊದಲ ವರ್ಷದ ಮನಶ್ಶಾಸ್ತ್ರಕ್ಕೆ ಕನ್ನಡದಲ್ಲಿ ಟಿಪ್ಪಣಿ ಮಾಡುತ್ತಿದ್ದೇನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಕಲಿಕೆಯ ಅಧ್ಯಾಯ ಕಷ್ಟವಾಗುತ್ತಿದೆ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್‌ಗೆ (ಬೇಡದ್ದೊಂದು ಹೋಗುವುದರಿಂದ ವರ್ತನೆ ಹೆಚ್ಚುವುದು) ‘ಋಣಾತ್ಮಕ ಪುನರ್ಬಲನ’ ಎಂದು ಬರೆದರೆ ಓದುವವರಿಗೆ ಉದಾಹರಣೆಯಾಗಿ ಬೈಗುಳ, ದಂಡ, ಹೊಡೆತವೇ ನೆನಪಿಗೆ ಬರುತ್ತದೆ. ಇದು ಪದದ ದೋಷವೇ? ಬೇರೆ ಪದ ಇದೆಯೇ? ಜೊತೆಗೆ ಇನ್ನೆರಡು: ‘ಮನೋಶಾಸ್ತ್ರ’ ಸರಿಯೋ ‘ಮನಶ್ಶಾಸ್ತ್ರ’ ಸರಿಯೋ? ಲಿಬರಲ್ ಆರ್ಟ್ಸ್‌ಗೆ ‘ಉದಾರ ಕಲೆಗಳು’ ಎನ್ನಬಹುದೇ?

ಉತ್ತರ (ಮನಶ್ಶಾಸ್ತ್ರ ಅಧ್ಯಾಪಕಿ, ಸಿದ್ದಾಪುರ):

ದೋಷ ಪದದಲ್ಲೂ ಇದೆ, ಅದನ್ನು ಕೇಳುವ ಕಿವಿಯಲ್ಲೂ ಇದೆ. ಪತ್ರಿಕೆಗಳಲ್ಲಿ ‘ಋಣಾತ್ಮಕ ಚಿಂತನೆ’ ಎಂದರೆ ಕೆಟ್ಟ ಚಿಂತನೆ. ಅದೇ ಕಿವಿಗೆ ‘ಋಣಾತ್ಮಕ ಪುನರ್ಬಲನ’ ಬಿದ್ದಾಗ ಕೆಟ್ಟದ್ದೇನೋ ಮಾಡುವುದು ಎಂದು ಕೇಳಿಸುವುದು ಸಹಜ. ಇಲ್ಲಿ ಋಣ ಎಂಬುದು ಗಣಿತದ ಕಳೆಯುವ ಚಿಹ್ನೆ, ಅಷ್ಟೇ. ಒಳ್ಳೆಯದು ಕೆಟ್ಟದ್ದರ ಮಾತೇ ಇಲ್ಲ.

ಮಳೆಗಾಲದ ತೋಟವನ್ನೇ ತೆಗೆದುಕೊಳ್ಳಿ. ಕಾಲಿಗೆ ಉಂಬಳ (ಜಿಗಣೆ) ಹತ್ತಿದೆ. ಕವಳದ (ಎಲೆ ಅಡಿಕೆಯ) ಸಂಚಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಮುಟ್ಟಿಸಿದರೆ ಅದು ಮುದುಡಿ ಉದುರುತ್ತದೆ. ಮತ್ತೊಮ್ಮೆ ಉಂಬಳ ಹತ್ತಿದಾಗ ಕೈ ಸೀದಾ ಸಂಚಿಗೇ ಹೋಗುತ್ತದೆ. ವರ್ತನೆ ಯಾವುದು? ಸುಣ್ಣ ಮುಟ್ಟಿಸುವುದು. ಕಳೆದುಹೋದದ್ದು ಯಾವುದು? ಉಂಬಳ. ಆಮೇಲೆ ಆ ವರ್ತನೆ ಏನಾಯಿತು? ಹೆಚ್ಚಿತು. ಋಣಾತ್ಮಕ ಪುನರ್ಬಲನ ಎಂದರೆ ಇದು. ಇದರಲ್ಲಿ ಶಿಕ್ಷೆ ಎಲ್ಲಿದೆ?

ಟಿಪ್ಪಣಿಯಲ್ಲಿ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಹಾಕಿ. ಮೊದಲನೆಯದು, ವರ್ತನೆ ಹೆಚ್ಚಿತೋ ಕಡಿಮೆಯಾಯಿತೋ? ಹೆಚ್ಚಿದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಎರಡನೆಯದು, ಏನಾದರೂ ಬಂದು ಸೇರಿತೋ, ಇದ್ದದ್ದು ಹೋಯಿತೋ? ಸೇರಿದರೆ ಧನಾತ್ಮಕ, ಹೋದರೆ ಋಣಾತ್ಮಕ. ಕ್ರಮ ತಿರುಗಿಸಿದರೆ ‘ಧನಾತ್ಮಕ ಶಿಕ್ಷೆ’ ಬಂದಲ್ಲಿ ಮಕ್ಕಳು ಮುಗ್ಗರಿಸುತ್ತಾರೆ, ಶಿಕ್ಷೆ ಹೇಗೆ ಧನಾತ್ಮಕವಾದೀತು ಎಂದು. ಬೈದ ಮೇಲೆ ತರಗತಿಯ ಗಲಾಟೆ ಇಳಿದರೆ ಅದು ಧನಾತ್ಮಕ ಶಿಕ್ಷೆ. ಮೊಬೈಲ್ ಕಸಿದುಕೊಂಡದ್ದರಿಂದ ಇಳಿದರೆ ಋಣಾತ್ಮಕ ಶಿಕ್ಷೆ. ಬೈದರೂ ಗಲಾಟೆ ಹೆಚ್ಚುತ್ತಲೇ ಹೋದರೆ, ಬೈದವರ ಉದ್ದೇಶ ಏನೇ ಇರಲಿ, ಅದು ಶಿಕ್ಷೆಯಲ್ಲ. ಹೆಸರು ನಿಲ್ಲುವುದು ಪರಿಣಾಮದ ಮೇಲೆ.

ಅಂಕ ಹೋಗುವುದು ಹೆಚ್ಚಾಗಿ ಇನ್ನೊಂದು ಕಡೆ: ಯಾರ ವರ್ತನೆ ಎಂದು ಬರೆಯದೇ ಇರುವುದು. ಮಗು ಅಂಗಡಿಯಲ್ಲಿ ಅತ್ತಿತು, ತಂದೆ ಚಾಕಲೇಟ್ ಕೊಡಿಸಿದ, ಅಳು ನಿಂತಿತು. ಮರುದಿನ ಮಗು ಬೇಗ ಅಳುತ್ತದೆ, ತಂದೆಯೂ ಬೇಗ ಕೊಡಿಸುತ್ತಾನೆ. ಮಗುವಿನ ಅಳುವಿಗೆ ಸಿಕ್ಕಿದ್ದು ಧನಾತ್ಮಕ ಪುನರ್ಬಲನ, ತಂದೆಯ ಕೊಡಿಸುವಿಕೆಗೆ ಸಿಕ್ಕಿದ್ದು ಋಣಾತ್ಮಕ. ಒಂದೇ ಘಟನೆಗೆ ಎರಡು ಉತ್ತರ, ಎರಡೂ ಸರಿ. ಆದ್ದರಿಂದ ಉತ್ತರದ ಮೊದಲ ಸಾಲಿನಲ್ಲೇ ‘ಇಂಥವರ ಇಂಥ ವರ್ತನೆ’ ಎಂದು ಹೆಸರಿಸಬೇಕು.

ಪದದ ಬಗ್ಗೆ ನನ್ನ ಮತ: ‘ಕೂಡುವ ಬಲವರ್ಧನೆ, ಕಳೆಯುವ ಬಲವರ್ಧನೆ’ ಎನ್ನಿ. ಕೂಡುವುದು ಕಳೆಯುವುದು ಒಂದನೇ ತರಗತಿಯಿಂದ ಬಂದ ಮಾತು, ಯಾರೂ ತಪ್ಪು ತಿಳಿಯುವುದಿಲ್ಲ. ಪರೀಕ್ಷೆಗೆ ಕುಳಿತುಕೊಳ್ಳುವವರಿಗಾಗಿ ಪಕ್ಕದಲ್ಲಿ ಪುನರ್ಬಲನವೂ ಇರಲಿ, ಶಿಕ್ಷಕರ ತರಬೇತಿಯ ಪುಸ್ತಕಗಳಲ್ಲಿ ಅದು ಬಳಕೆಯಲ್ಲಿದೆ.

ಉತ್ತರ (ಅನುವಾದಕರು, ಕಾರವಾರ):

ಮೇಡಂ ಹೇಳಿದ ‘ಕೂಡುವ, ಕಳೆಯುವ’ ನನಗೆ ಪೂರ್ತಿ ಒಪ್ಪಿಗೆ. ‘ಬಲವರ್ಧನೆ’ ಮಾತ್ರ ಬೇಡ. ಸಂಘಟನೆಯ ಬಲವರ್ಧನೆ, ಪಕ್ಷದ ಬಲವರ್ಧನೆ ಎಂದು ಸವೆದುಹೋಗಿದೆ. ಓದುವವರಿಗೆ ಬಲ ಬಂದದ್ದು ಮನುಷ್ಯನಿಗೆ ಅನಿಸುತ್ತದೆ, ಇಲ್ಲಿ ಬಲ ಬರುವುದು ವರ್ತನೆಗೆ. ಪುನರ್ಬಲನವನ್ನೇ ಇಟ್ಟುಕೊಂಡು ‘ಕಳೆಯುವ ಪುನರ್ಬಲನ’ ಎಂದರೆ ಸಾಕು.

ಉಂಬಳದ ಉದಾಹರಣೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಹತ್ತಿದ ಮೇಲೆ ಸುಣ್ಣ ಮುಟ್ಟಿಸುವುದು ಒಂದು ಕಲಿಕೆ. ತೋಟಕ್ಕೆ ಇಳಿಯುವ ಮುನ್ನವೇ ಕಾಲಿಗೆ ಸುಣ್ಣ ಬಳಿದುಕೊಳ್ಳುವುದು ಇನ್ನೊಂದು. ಇಂಗ್ಲಿಷಿನ ಎಸ್ಕೇಪ್ ಮತ್ತು ಅವಾಯ್ಡೆನ್ಸ್ ಇವೇ, ಎರಡೂ ಕಳೆಯುವ ಪುನರ್ಬಲನದ ಬಗೆಗಳು. ಕನ್ನಡದ ತೊಡಕು ಇಲ್ಲಿದೆ: ‘ತಪ್ಪಿಸಿಕೊಳ್ಳು’ ಎರಡಕ್ಕೂ ಆಗುತ್ತದೆ. ಬೋನಿನಿಂದ ತಪ್ಪಿಸಿಕೊಂಡಿತು ಎಂದರೆ ಸಿಕ್ಕಿಬಿದ್ದು ಹೊರಬಂದದ್ದು, ಪರೀಕ್ಷೆ ತಪ್ಪಿಸಿಕೊಂಡ ಎಂದರೆ ಹೋಗಲೇ ಇಲ್ಲ. ಟಿಪ್ಪಣಿಯಲ್ಲಿ ಈ ಕ್ರಿಯಾಪದವನ್ನೇ ಬಿಟ್ಟುಬಿಡಿ. ಮೊದಲನೆಯದಕ್ಕೆ ‘ಬಿಡಿಸಿಕೊಳ್ಳುವ ಕಲಿಕೆ’, ಎರಡನೆಯದಕ್ಕೆ ‘ಮುನ್ನವೇ ತಡೆಯುವ ಕಲಿಕೆ’. ಎರಡನೆಯದು ಬಹುಕಾಲ ಅಳಿಯದೆ ಉಳಿಯುವುದಕ್ಕೂ ಕಾರಣ ಈ ಹೆಸರಲ್ಲೇ ಕಾಣುತ್ತದೆ. ಸುಣ್ಣ ಬಳಿದುಕೊಂಡೇ ಹೋಗುವವರಿಗೆ ಈ ವರ್ಷ ತೋಟದಲ್ಲಿ ಉಂಬಳವೇ ಇಲ್ಲ ಎಂದು ತಿಳಿಯುವ ಸಂದರ್ಭವೇ ಬರುವುದಿಲ್ಲ. ಭಯದ ತೊಂದರೆಗಳ ಪಾಠಕ್ಕೆ ಬಂದಾಗ ಇದೇ ಮಾತು ಮತ್ತೆ ಬೇಕಾಗುತ್ತದೆ.

ಅದೇ ಅಧ್ಯಾಯದ ‘ಅನುಬಂಧಿತ ಪ್ರತಿಕ್ರಿಯೆ’ಯನ್ನೂ (ಕಂಡೀಶನ್ಡ್ ರೆಸ್ಪಾನ್ಸ್, ಅಂದರೆ ಕಲಿತು ಬಂದ ಪ್ರತಿಕ್ರಿಯೆ) ಗಮನಿಸಿ. ನಾಯಿಗಳ ಜೊಲ್ಲಿನ ಮೇಲೆ ಪ್ರಯೋಗ ಮಾಡಿದ ರಷ್ಯದ ವಿಜ್ಞಾನಿ ಪಾವ್ಲೊವ್ ಬಳಸಿದ ರಷ್ಯನ್ ಪದ ‘ಉಸ್ಲೋವ್ನಿ’, ಅಂದರೆ ಷರತ್ತಿಗೆ ಒಳಪಟ್ಟದ್ದು. ಇಂಗ್ಲಿಷಿಗೆ ಹೋಗುವಾಗ ಕಂಡೀಶನಲ್ ಆಗಬೇಕಾದದ್ದು ಕಂಡೀಶನ್ಡ್ ಆಯಿತು. ಗಂಟೆಯ ಜೊತೆ ಆಹಾರ ಬಂದು ಅಭ್ಯಾಸವಾಗಿದ್ದರೆ ಮಾತ್ರ ಗಂಟೆಗೆ ಜೊಲ್ಲು ಎಂಬ ಷರತ್ತಿನ ಅರ್ಥವನ್ನು ಟಿಪ್ಪಣಿಯಲ್ಲಿ ಒಂದು ಸಾಲು ಹೇಳಿದರೆ ‘ಅನುಬಂಧಿತ’, ‘ಅನನುಬಂಧಿತ’ ಎಂಬ ಜೋಡಿ ಬಾಯಿಪಾಠವಾಗುವುದು ತಪ್ಪುತ್ತದೆ.

ಇನ್ನು ಕಾಗುಣಿತ. ಮನಸ್ ಪದದ ಮುಂದೆ ವ, ಬ, ರ, ಭ ಇಂಥ ಘೋಷ ವ್ಯಂಜನ ಬಂದರೆ ‘ಮನೋ’: ಮನೋವಿಜ್ಞಾನ, ಮನೋಬಲ, ಮನೋರೋಗ, ಮನೋಭಾವ. ಶ ಅಘೋಷ. ಹಾಗಾಗಿ ಮನಃಶಾಸ್ತ್ರ ಅಥವಾ ಮನಶ್ಶಾಸ್ತ್ರ, ಎರಡೂ ಸರಿ, ಮನಶ್ಶಾಂತಿಯೂ ಹಾಗೆಯೇ. ‘ಮನೋಶಾಸ್ತ್ರ’ ತಪ್ಪು. ಅಡ್ಡಿ ಅನಿಸಿದರೆ ಮನೋವಿಜ್ಞಾನ ಎಂದೇ ಬರೆಯಿರಿ.

‘ಉದಾರ ಕಲೆಗಳು’ ಬೇಡವೇ ಬೇಡ. ಲ್ಯಾಟಿನ್ನಿನಲ್ಲಿ ಅದು ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆಗಳು ಎಂಬ ಅರ್ಥದ್ದು: ವ್ಯಾಕರಣ, ತರ್ಕ, ಭಾಷಣಕಲೆ ಮೂರು, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ನಾಲ್ಕು. ಗಣಿತವೂ ಖಗೋಳವೂ ಇರುವ ಕಡೆ ‘ಕಲೆ’ ಎಂದರೆ ಚಿತ್ರ, ಕುಣಿತ ನೆನಪಾಗುತ್ತದೆ. ‘ಉದಾರ’ ಎಂದರೆ ದಾನಿ. ಕಾಲೇಜಿನ ಹೆಸರಿನ ಭಾಗವಾಗಿ ಲಿಬರಲ್ ಆರ್ಟ್ಸ್ ಎಂದೇ ಉಳಿಸಿ.

ಮತ್ತೆ ಪ್ರಶ್ನೆ ಕೇಳಿದವರು:

ಧನ್ಯವಾದ ಮೇಡಂ, ಧನ್ಯವಾದ ಸರ್. ‘ಕಳೆಯುವ ಪುನರ್ಬಲನ’ ಎಂದು ತಿದ್ದಿ, ಉಂಬಳದ ಎರಡು ಹೆಜ್ಜೆಗಳನ್ನೂ ಹಾಕಿದ್ದೇನೆ. ಕರಾವಳಿಯ ಸಹಪಾಠಿಗಳಿಗೆ ಉಂಬಳ ಅಷ್ಟು ಪರಿಚಯವಿಲ್ಲ, ಹಾಗಾಗಿ ಅವರ ಪ್ರತಿಯಲ್ಲಿ ತಲೆನೋವು ಮತ್ತು ಮಾತ್ರೆಯ ಉದಾಹರಣೆ ಇದೆ.