ನಾನು ಇಳಿಯಬೇಕು ಅಂದಾಗಲೆಲ್ಲ ಲಿಫ್ಟ್ ಯಾಕೆ ಮೇಲಕ್ಕೇ ಹೋಗುತ್ತದೆ?

ಗೀಟುಗಾರ:
ನಮ್ಮ ಆಫೀಸ್ ಕಟ್ಟಡದಲ್ಲಿ ನೆಲಮಹಡಿಯೂ ಸೇರಿ 12 ಮಹಡಿ. ನಾನು ಕೂರುವುದು ಮೇಲಿನಿಂದ ಎರಡನೆಯದರಲ್ಲಿ. ಲಿಫ್ಟಿಗೆ ಒಂದೇ ಬಟನ್, ಮೇಲೆ-ಕೆಳಗೆ ಅಂತ ಎರಡಿಲ್ಲ. ಸಂಜೆ ಒತ್ತಿದರೆ ಮೊದಲು ಬರುವುದು ಮೇಲೆ ಹೋಗುವ ಲಿಫ್ಟೇ. ಬಾಗಿಲು ತೆರೆಯುತ್ತದೆ, ಒಳಗಿದ್ದವರು ನನ್ನ ಮುಖ ನೋಡುತ್ತಾರೆ, ನಾನು ಬೆರಳು ಕೆಳಗೆ ಮಾಡಿ ತೋರಿಸುತ್ತೇನೆ, ಬಾಗಿಲು ಮುಚ್ಚುತ್ತದೆ.

"ತಪ್ಪಿದ್ದು ಮಾತ್ರ ನೆನಪಿರುತ್ತೆ, ಸುಮ್ನೆ ಭ್ರಮೆ" ಅಂದರು ಪಕ್ಕದ ಮೇಜಿನವರು. ಸರಿ, ನೋಡೇಬಿಡೋಣ ಅಂತ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೀಟು ಹಾಕುತ್ತಾ ಬಂದೆ. 40 ಸಂಜೆಯಲ್ಲಿ 34 ಸಲ ಮೇಲಕ್ಕೆ, 6 ಸಲ ಕೆಳಕ್ಕೆ. ಮೇಲೆ ಹೋದದ್ದು ಕೆಳಗೆ ಬರಲೇಬೇಕಲ್ವಾ? ಹಾಗಾದರೆ ಅರ್ಧ-ಅರ್ಧ ಇರಬೇಕಿತ್ತು.

ಗಡಿಯಾರದ ಮುಳ್ಳು:
ದಿನವಿಡೀ ಅಲ್ಲೇ ನಿಂತು ಎಣಿಸಿದರೆ ಅರ್ಧ-ಅರ್ಧವೇ ಸಿಗುತ್ತದೆ. ಆದರೆ ನೀವು ನಡುವೆ ಯಾವಾಗಲೋ ಬಂದು ನಿಲ್ಲುತ್ತೀರಿ. ಅಲ್ಲೇ ಇದೆ ಗುಟ್ಟು.

ಒಂದೇ ಲಿಫ್ಟ್ ಇದೆ, ಎಲ್ಲೂ ನಿಲ್ಲದೆ ಓಡಾಡುತ್ತಿದೆ, ಮಹಡಿಗೆ 5 ಸೆಕೆಂಡ್ ಅಂದುಕೊಳ್ಳಿ. ನಿಮ್ಮನ್ನು ದಾಟಿ ಮೇಲೆ ಹೋದರೆ 10 ಸೆಕೆಂಡಿಗೆ ವಾಪಸ್ ಇಳಿದು ಬರುತ್ತದೆ. ಆಮೇಲೆ ತಳ ಮುಟ್ಟಿ ಮತ್ತೆ ಹತ್ತಿ ಬರಲು 100 ಸೆಕೆಂಡ್. ಆ 100 ಸೆಕೆಂಡಿನೊಳಗೆ ಯಾವಾಗ ಬಂದರೂ ಮೊದಲು ಕಾಣುವುದು ಹತ್ತುವ ಲಿಫ್ಟ್. ಇಳಿಯುವುದು ಮೊದಲು ಸಿಗಬೇಕಾದರೆ ಆ 10 ಸೆಕೆಂಡಿನೊಳಗೇ ಬರಬೇಕು. ಅಂದರೆ 11ರಲ್ಲಿ 10 ಪಾಲು ಮೇಲಕ್ಕೆ, ಸುಮಾರು 91%.

ಅಡ್ಡಪ್ರಶ್ನೆ:
ಇದು ಹಳೇ ಜಗಳ. ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಮಾರ್ವಿನ್ ಸ್ಟರ್ನ್ ಅದೇ ಕಟ್ಟಡದ ಆರನೇ ಮಹಡಿಯಲ್ಲಿ ಕೂರುತ್ತಿದ್ದರು. ಮೊದಲು ಬರುವ ಲಿಫ್ಟ್ ಗ್ಯಾಮೊಗೆ ಹೆಚ್ಚಿನ ಸಲ ಇಳಿಯುತ್ತಿತ್ತು, ಸ್ಟರ್ನ್‌ಗೆ ಹೆಚ್ಚಿನ ಸಲ ಹತ್ತುತ್ತಿತ್ತು! 1958ರಲ್ಲಿ ಇಬ್ಬರೂ ಸೇರಿ ಬರೆದ ಒಗಟಿನ ಪುಸ್ತಕದಲ್ಲಿ ಇದನ್ನು ಹಾಕಿದರು. ಲಿಫ್ಟ್ ಎಷ್ಟಿದ್ದರೂ ಲೆಕ್ಕ ಅದೇ ಅಂದುಕೊಂಡಿದ್ದರು. ಹಾಗಲ್ಲ, ಲಿಫ್ಟ್ ಜಾಸ್ತಿ ಆದಷ್ಟೂ ಅರ್ಧ-ಅರ್ಧಕ್ಕೆ ಹತ್ತಿರವಾಗುತ್ತದೆ ಅಂತ 1969ರಲ್ಲಿ ತೋರಿಸಿದವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ನಿಮ್ಮಲ್ಲಿ ಎಷ್ಟು ಲಿಫ್ಟ್?

ಗೀಟುಗಾರ:
ಅಯ್ಯೋ, ಎರಡು! ಹೇಳಲು ಮರೆತೆ.

ಗಡಿಯಾರದ ಮುಳ್ಳು:
ಹಾಗಾದರೆ 91% ಬಿಟ್ಟುಬಿಡಿ. ಒಂದು ಸುತ್ತಿನ 110 ಸೆಕೆಂಡಿನಲ್ಲಿ, ಮುಂದಿನ 10 ಸೆಕೆಂಡಿನೊಳಗೆ ನಿಮ್ಮ ಮಹಡಿಗೆ ಬರುವ ಲಿಫ್ಟ್ ಹತ್ತುತ್ತಿರಲೂಬಹುದು, ಇಳಿಯುತ್ತಿರಲೂಬಹುದು, ಎರಡಕ್ಕೂ ಸಮಪಾಲು. 10 ಸೆಕೆಂಡ್ ದಾಟಿದ ಮೇಲೆ ಬರುವುದು ಹತ್ತುವುದೇ. 110ರಲ್ಲಿ ಹತ್ತುವ 10, ಇಳಿಯುವ 10 ಕಳೆದರೆ ಉಳಿಯುವುದು 90, ಅಂದರೆ ಒಂದು ಲಿಫ್ಟ್ ಹಾಗೆ ದೂರದಲ್ಲಿರುವ ಸಾಧ್ಯತೆ 9/11, ಎರಡೂ ದೂರದಲ್ಲಿರುವುದು 81/121, ಅಂದರೆ 67%. ಉಳಿದ 33%ನಲ್ಲಿ ಅರ್ಧ ಸೇರಿಸಿ. 83.5%.

ಗೀಟುಗಾರ:
ನನ್ನದು 85%! ಪಕ್ಕದ ಮೇಜಿನವರಿಗೆ ಹಾಳೆ ತೋರಿಸಿ ಬಂದೆ.

ಅಡ್ಡಪ್ರಶ್ನೆ:
ಇಷ್ಟು ಚೆನ್ನಾಗಿ ಹೊಂದಿದ್ದೇ ನನಗೆ ಅನುಮಾನ. 40 ಸಲ ಏನೂ ಜಾಸ್ತಿ ಅಲ್ಲ. ನಿಜವಾದ ಲಿಫ್ಟ್ ಕರೆದ ಕಡೆ ಓಡುತ್ತದೆ, ಕೆಲಸವಿಲ್ಲದಾಗ ಸುಮ್ಮನೆ ನಿಂತಿರುತ್ತದೆ. ಖಾಲಿ ಲಿಫ್ಟ್ ನಿಮ್ಮ ಕರೆಗೇ ಹತ್ತಿ ಬಂದು, ನಿಮ್ಮನ್ನು ಕರೆದುಕೊಂಡು ಇಳಿದರೆ ಅದನ್ನು ಯಾವ ಕಡೆ ಗೀಟು ಹಾಕಿದಿರಿ?

ಗೀಟುಗಾರ:
ಅದನ್ನು... ಹಾಕಲೇ ಇಲ್ಲ. ಆ ದಿನಗಳನ್ನು ಬಿಟ್ಟೇ 40.

ಅಂದಹಾಗೆ ಈ ವಾರ ಒಂದು ಲಿಫ್ಟ್ ರಿಪೇರಿಗೆ ನಿಂತಿದೆ. ಹೊಸ ಹಾಳೆ ಶುರು ಮಾಡಿದ್ದೇನೆ, ಖಾಲಿ ಲಿಫ್ಟಿಗೆ ಬೇರೆ ಸಾಲು. ಇಲ್ಲಿಯತನಕ ಮೂರಕ್ಕೆ ಮೂರೂ ಮೇಲಕ್ಕೇ.