ಮನೇಲಿ ಸಲೀಸಾಗಿ ಬರೋ ಸ್ವರ ಜಾಮ್ ರೂಮಲ್ಲಿ ಒಡೆದು ಹೋಗ್ತಿದೆ, ಯಾರಾದ್ರೂ ಹೇಳಿ

ಮಂಡ್ಯ_ಗಂಟಲು:
ತಲೆ ಕೆಟ್ಟು ಹೋಗಿದೆ. ನಮ್ಮ ಬ್ಯಾಂಡಲ್ಲಿ ಹಾಡೋದು ನಾನು. ಮುಂದಿನ ತಿಂಗಳು ಕಾಲೇಜಲ್ಲಿ ಪ್ರೋಗ್ರಾಂ, ಕ್ವೀನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಹಾಡುಗಳನ್ನ ಜೋಡಿಸಿ 25 ನಿಮಿಷದ ಮೆಡ್ಲಿ ಮಾಡಿದ್ದೀವಿ. ಮನೇಲಿ ಗಿಟಾರ್ ಹಿಡಿದು ಕೂತರೆ ಮೇಲಿನ ಎ (A) ಸ್ವರ ಆರಾಮಾಗಿ ಬರುತ್ತೆ. ಮೈಸೂರಿಗೆ ಬಂದು ಬ್ಯಾಂಡ್ ಅಭ್ಯಾಸ ಮಾಡೋ ಜಾಮ್ ರೂಮಲ್ಲಿ ನಿಂತರೆ ಅದೇ ಜಾಗದಲ್ಲಿ ಧ್ವನಿ ಒಡೆಯುತ್ತೆ. ಎಂಟು ಸಲ ಹಾಡಿದ್ರೆ ಏಳು ಸಲ. ಡ್ರಮ್ಮರ್ ಎಲ್ಲರ ಮುಂದೆ "ಕ್ವೀನ್ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ ನಾಲ್ಕು ಆಕ್ಟೇವ್ (ಸ್ಥಾಯಿ) ಇತ್ತು, ನಿನಗೆ ಎರಡೂ ಇಲ್ಲ, ಬೇರೆ ಹಾಡು ನೋಡೋಣ" ಅಂದ. ಅವತ್ತು ರೈಲು ಮಂಡ್ಯ ಮುಟ್ಟೋವರೆಗೂ ನಾನು ಯಾರ ಹತ್ರಾನೂ ಮಾತಾಡಲಿಲ್ಲ. ಮೈಕಾ, ಗಂಟಲಾ, ಇನ್ನೇನಾ?

ಡಿಬಿ_ಮೀಟರ್:
ಯಾವ ಮೈಕು? ಮಿಕ್ಸರ್ ಯಾವುದು? ನಿಮ್ಮ ಧ್ವನಿ ನಿಮಗೇ ಕೇಳಿಸೋ ಸ್ಪೀಕರ್, ಅಂದ್ರೆ ಮಾನಿಟರ್, ಎಲ್ಲಿದೆ? ಇದ್ಯಾವುದೂ ಹೇಳದೆ ಏನು ಹೇಳೋಕಾಗುತ್ತೆ ಗುರು?

ಕಾವೇರಿ_ರಾಕ್:
ಮೈಕ್ ಬಿಡಿ. ಇದು ಆಸಿಡ್. ನನಗೂ ಎರಡು ವರ್ಷ ಹೀಗೇ ಆಯ್ತು. ಹೊಟ್ಟೆಯ ಆಮ್ಲ ಗಂಟಲವರೆಗೂ ಏರಿ ಬಂದ್ರೆ ಸ್ವರತಂತು ಊದಿಕೊಳ್ಳುತ್ತೆ, ಮೊದಲು ಕೈ ಕೊಡೋದು ಮೇಲಿನ ಸ್ವರಾನೇ. ರೈಲಲ್ಲಿ ಬರ್ತಾ ಏನು ತಿಂತೀರಿ ಅದನ್ನ ಹೇಳಿ.

ಮಂಡ್ಯ_ಗಂಟಲು:
ಮದ್ದೂರು ವಡೆ, ಟೀ ತಗೋತಿದ್ದೆ. ಯಾಕೆ?

ಕಾವೇರಿ_ರಾಕ್:
ಸಿಕ್ತಲ್ಲ. ಕರಿದ ಈರುಳ್ಳಿ, ಮೇಲೊಂದು ಟೀ. ಹಾಡೋಕೆ ಮೂರು ಗಂಟೆ ಮುಂಚೆ ಊಟ ತಿಂಡಿ ಮುಗಿಸಿ, ಮಲಗುವಾಗ ತಲೆ ಕಡೆ ಮಂಚ ಎತ್ತರಿಸಿ. ಹದಿನೈದು ದಿನದಲ್ಲಿ ನಾನು ಹೇಳಿದ್ದು ನಿಜಾನಾ ಅಂತ ಗೊತ್ತಾಗುತ್ತೆ.

ಡಿಬಿ_ಮೀಟರ್:
ಮನೇಲೂ ಅದೇ ಹೊಟ್ಟೆ ತಾನೆ ಅಣ್ಣ? ಮನೇಲಿ ಬರುತ್ತೆ, ರೂಮಲ್ಲಿ ಬರಲ್ಲ ಅಂತಿದ್ದಾರೆ. ಮೈಕಿನ ತಲೇನ ಮುಷ್ಟಿಯಲ್ಲಿ ಮುಚ್ಚಿ ಹಿಡೀತೀರಾ? ಹಾಗೆ ಹಿಡಿದ್ರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ ಕಾರ್ಡಿಯಾಯ್ಡ್ ಮೈಕು ಎಲ್ಲಾ ದಿಕ್ಕಿಂದಲೂ ಸದ್ದು ಎಳ್ಕೊಳ್ಳುತ್ತೆ, ಸ್ಪೀಕರಲ್ಲಿ ಕೂಗು ಶುರುವಾಗುತ್ತೆ, ಆಪರೇಟರ್ ವಾಲ್ಯೂಮ್ ಇಳಿಸ್ತಾನೆ, ನೀವು ಕಿರುಚ್ತೀರಿ.

ಕಾವೇರಿ_ರಾಕ್:
ಮನೇಲಿ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹಾಡ್ತಾರೆ, ಅದಕ್ಕೇ ಬರುತ್ತೆ.

ಮಂಡ್ಯ_ಗಂಟಲು:
ಇಲ್ಲ, ಮನೇಲೂ ರಾತ್ರಿ ಊಟ ಆದ್ಮೇಲೇ ಹಾಡೋದು. ಮೈಕ್ ಸ್ಟ್ಯಾಂಡಲ್ಲಿರುತ್ತೆ, ಗಿಟಾರ್ ನಾನೇ ನುಡಿಸ್ತೀನಿ. ಮೂರು ವಾರದಿಂದ ವಡೆ ಬಿಟ್ಟಿದ್ದೀನಿ, ಏನೂ ಬದಲಾಗಿಲ್ಲ.

ಒಂದೂವರೆ_ಮನೆ:
ನಾನು ಇಪ್ಪತ್ತು ವರ್ಷ ಕರ್ನಾಟಕ ಸಂಗೀತ ಹಾಡಿದವಳು, ರಾಕ್ ಕೇಳೋದು ಮಗನಿಂದ ಕಲಿತೆ. ಮೊದಲು ನಾಲ್ಕು ಆಕ್ಟೇವ್ ಮಾತು ಮುಗಿಸೋಣ, ಅದು ಈ ಹುಡುಗನ ಮನಸ್ಸಲ್ಲಿ ಕೂತುಬಿಟ್ಟಿದೆ. 2016ರಲ್ಲಿ ಆಸ್ಟ್ರಿಯಾದ ಕ್ರಿಶ್ಚಿಯನ್ ಹರ್ಬ್ಸ್ಟ್ ಮತ್ತು ಸಂಗಡಿಗರು ಮರ್ಕ್ಯುರಿಯ ರೆಕಾರ್ಡಿಂಗ್‌ಗಳನ್ನೇ ಅಳೆದು ನೋಡಿದ್ರು. ಸುಮಾರು 92 ಹರ್ಟ್ಜ್‌ನಿಂದ 784ರವರೆಗೆ ಸಿಕ್ಕಿತು. ಅಂದ್ರೆ ಮೂರು ಸ್ಥಾಯಿ, ಮೇಲೆ ಅರ್ಧ ಮನೆ (ಪಕ್ಕದ ಒಂದೇ ಸ್ವರದಷ್ಟು). ನಾಲ್ಕಕ್ಕೆ ಆಧಾರ ಸಿಗಲಿಲ್ಲ. ಸಂದರ್ಶನಗಳಲ್ಲಿ ಮಾತಾಡುವ ಶ್ರುತಿ 117 ಹರ್ಟ್ಜ್ ಆಸುಪಾಸು, ಅಂದ್ರೆ ಸ್ವಭಾವತಃ ಬ್ಯಾರಿಟೋನ್ (ಗಂಡಸರ ತುಸು ತಗ್ಗಿನ ಧ್ವನಿ) ಇದ್ದಿರಬಹುದು ಅಂತ ಅವರ ಊಹೆ.

ಆತನ ದೊಡ್ಡತನ ಉದ್ದದಲ್ಲಿಲ್ಲ. ಒಂದೇ ಹಾಡಲ್ಲಿ ಪಿಸುಮಾತು, ಒರಟು ಗರ್ಜನೆ, ಒಪೆರಾದ ದುಂಡು ಧ್ವನಿ, ಎಲ್ಲಾನೂ ಹೊಲಿಗೆ ಕಾಣದ ಹಾಗೆ ಸೇರಿಸ್ತಿದ್ದ. ಸ್ವರ ಅಲುಗಿಸೋ ಕಂಪನಾನೂ ಸೆಕೆಂಡಿಗೆ 7 ಸಲದಷ್ಟು ವೇಗ, ಶಾಸ್ತ್ರೀಯ ಗಾಯಕರಿಗಿಂತ ಚುರುಕು. 1988ರಲ್ಲಿ ಮೊಂಟ್ಸೆರಾಟ್ ಕಬಾಯೆ ಜೊತೆ ಮಾಡಿದ ಆಲ್ಬಂ ಕೇಳಿ ನೋಡಿ, ಒಪೆರಾ ಗಾಯಕಿಯ ಪಕ್ಕ ನಿಂತು ತನ್ನ ಧ್ವನೀಲೇ ಹಾಡ್ತಾನೆ.

ರಿಫ್_ರಾಜ:
ಮೇಡಂ, ಒಪ್ಪಲ್ಲ. 'ಬೊಹೀಮಿಯನ್ ರಾಪ್ಸಡಿ'ಯ ಒಪೆರಾ ಭಾಗದ ತುದೀಲಿ ಬರೋ ಆ ಸ್ವರ 784ಕ್ಕಿಂತ ಮೇಲಿದೆ. ನಾನೇ ಟ್ಯೂನರ್ ಇಟ್ಟು ನೋಡಿದ್ದೀನಿ.

ಡಿಬಿ_ಮೀಟರ್:
ಅದು ಫ್ರೆಡ್ಡಿ ಅಲ್ಲ, ಡ್ರಮ್ಮರ್ ರೋಜರ್ ಟೇಲರ್. 1975ರಿಂದ ಎಲ್ರಿಗೂ ಗೊತ್ತಿರೋದೇ. ಸ್ಟೇಜಲ್ಲೂ ಮೇಲಿನ ಸಾಲುಗಳನ್ನ ಟೇಲರ್ ಹಿಡೀತಿದ್ರು, ಫ್ರೆಡ್ಡಿ ಎಷ್ಟೋ ಕಡೆ ರಾಗ ಬದಲಾಯಿಸಿ ಕೆಳಗೇ ಹಾಡ್ತಿದ್ದ.

ರಿಫ್_ರಾಜ:
ಕೆಳಗೆ ಹಾಡಿದ್ರೆ ಅದು ಮೋಸ ಅಲ್ವಾ? ದುಡ್ಡು ಕೊಟ್ಟು ಬಂದೋರು ರೆಕಾರ್ಡಲ್ಲಿ ಇರೋದನ್ನೇ ಕೇಳೋಕೆ ಬರೋದು.

ಒಂದೂವರೆ_ಮನೆ:
ನಾಳೇನೂ ಹಾಡ್ಬೇಕಲ್ಲಪ್ಪ. ಅಣ್ಣಾವ್ರು 'ನಾದಮಯ' ಹಾಡಿದಾಗ ವಯಸ್ಸು 63. ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಗಂಟಲು ಉಳಿಸ್ಕೊಂಡೋರಿಗೆ ಮಾತ್ರ ಅದು ಸಾಧ್ಯ.

ರಿಫ್_ರಾಜ:
ಅಣ್ಣಾವ್ರ ವಿಷಯಕ್ಕೆ ನಾನು ಬರಲ್ಲ, ಕೈ ಮುಗೀತೀನಿ. ಆದ್ರೂ ರಾಕ್ ಅಂದ್ರೆ ಪೂರ್ತಿ ಶಕ್ತಿ ಹಾಕಿ ಹಾಡ್ಬೇಕು. ನಮ್ಮ ಬ್ಯಾಂಡಿನ ರೂಮಲ್ಲಿ ಎಸ್‌ಎಂ 58 ಮೈಕು ಮೂರು, ಎಕ್ಸ್‌ಆರ್ 18 ಮಿಕ್ಸರ್, ನೆಲದ ಮೇಲಿಡೋ 12 ಇಂಚಿನ ವೆಡ್ಜ್ ಮಾನಿಟರ್ ನಾಲ್ಕು, ಎಲ್ಲರಿಗೂ ಕಿವಿಯೊಳಗೆ ಹಾಕ್ಕೊಳ್ಳೋ ಇನ್-ಇಯರ್ ಮಾನಿಟರ್. ಫೋನಲ್ಲೇ ಅವರವರ ಮಿಕ್ಸ್ ಅವರೇ ಮಾಡ್ಕೋತಾರೆ. ಗೋಡೆಗೆ ಸದ್ದು ಹೀರೋ ರಾಕ್‌ವುಲ್ ನಾವೇ ಕೂರಿಸಿದ್ದು. ಫೋಟೋ ಹಾಕ್ಲಾ?

ಡಿಬಿ_ಮೀಟರ್:
ಹಾಕಿ. ರಾಕ್‌ವುಲ್ ಎಷ್ಟು ಇಂಚು ದಪ್ಪ? ಮೂಲೆಗಳಿಗೆ ಏನು ಮಾಡಿದ್ರಿ?

ಕಾವೇರಿ_ರಾಕ್:
ವಿಷಯ ಎಲ್ಲಿಗೋ ಹೋಯ್ತು. ವಡೆ ಬಿಟ್ಟು ಮೂರೇ ವಾರ ಅಂದ್ರು. ಇನ್ನೂ ಬೇಗ. ಟೀ ಬಿಟ್ರಾ?

ಒಂದೂವರೆ_ಮನೆ:
ಮಂಡ್ಯದ ತಮ್ಮ, ಒಂದು ಕೆಲಸ ಮಾಡು. ಮನೇಲಿ ಹಾಡೋ ಹಾಗೇ ಹಾಡಿ ಫೋನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕು. ಒಂದು ಮನೆ ಶ್ರುತಿಯಲ್ಲಿ (ಸಿ ಸ್ವರವೇ ಷಡ್ಜ) ನೀನು ಹೇಳೋ ಎ ಅಂದ್ರೆ ತಾರಸ್ಥಾಯಿಯ ಚತುಶ್ರುತಿ ಧೈವತ. ಕಚೇರೀಲಿ ಗಂಡಸರು ತಾರ ಪಂಚಮ ಮುಟ್ಟಿದ್ರೇ ನಾವು ತಲೆದೂಗ್ತೀವಿ. ನಿನಗೆ ಅದು ನಿಜವಾಗಿ ಸಲೀಸಾ ಅಂತ ಕಿವಿಯಾರೆ ಕೇಳ್ಬೇಕು.

ಮಂಡ್ಯ_ಗಂಟಲು:
ಹಾಕಿದ್ದೀನಿ ಅಕ್ಕ. ಕೇಳಿ, ಕೊನೇಲಿ ಬರುತ್ತೆ.

ಒಂದೂವರೆ_ಮನೆ:
ಕೇಳಿದೆ. ಧ್ವನಿ ಚೆನ್ನಾಗಿದೆ, ನಿಜವಾಗಲೂ. ಆದ್ರೆ ಅದು 440 ಹರ್ಟ್ಜ್ ಅಲ್ಲ, 415. ಎ ಅಲ್ಲ, ಅದರ ಕೆಳಗಿನ ಕಪ್ಪು ಮನೆ. ನಿನ್ನ ಗಿಟಾರ್ ಪೂರ್ತಿ ಅರ್ಧ ಮನೆ ಇಳಿದಿದೆ.

ಮಂಡ್ಯ_ಗಂಟಲು:
ಹೌದು, ಅದು ಯಾವಾಗ್ಲೂ ಹಾಗೇ. ನಮ್ಮ ಮಾವನ ಹಳೇ ಗಿಟಾರ್, ತಂತಿ ಪೂರ್ತಿ ಬಿಗಿ ಮಾಡಿದ್ರೆ ಬ್ರಿಡ್ಜ್ ಎದ್ದು ಬರುತ್ತೆ. ಅದಕ್ಕೇ ಇಳಿಸಿ ಇಟ್ಟಿದ್ದೀನಿ. ರೂಮಲ್ಲಿ ಎಲೆಕ್ಟ್ರಿಕ್, ಅದು ಮಾಮೂಲಿ ಶ್ರುತಿ. ಬೆರಳು ಅದೇ ಜಾಗದಲ್ಲಿ ಇಡ್ತೀನಲ್ಲ, ಸ್ವರಾನೂ ಅದೇ ಅಂದ್ಕೊಂಡಿದ್ದೆ.

ಡಿಬಿ_ಮೀಟರ್:
ಇದನ್ನ ಮೊದಲ ಸಾಲಲ್ಲೇ ಹೇಳ್ಬೇಕಿತ್ತು ಗುರು!! ಇಪ್ಪತ್ತು ಪೋಸ್ಟ್ ಆಯ್ತು. ಈಗ ಹೇಳಿ, ರೂಮಲ್ಲಿ ನಿಮ್ಮ ಧ್ವನಿ ನಿಮಗೆ ಕೇಳುತ್ತಾ?

ಮಂಡ್ಯ_ಗಂಟಲು:
ಮಾನಿಟರ್ ಇಲ್ಲ. ಒಂದೇ ಸ್ಪೀಕರ್, ಬಾಗಿಲ ಹತ್ರ. ಡ್ರಮ್ಸ್ ನನ್ನ ಬೆನ್ನ ಹಿಂದೆ, ನಾಲ್ಕು ಅಡಿ.

ಡಿಬಿ_ಮೀಟರ್:
ಸರಿ, ಇನ್ನರ್ಧ ಕಾರಣ ಇದೇ. ಸಣ್ಣ ರೂಮಲ್ಲಿ ಡ್ರಮ್ಸ್ 100 ಡೆಸಿಬಲ್ ದಾಟುತ್ತೆ. ಸುತ್ತ ಗದ್ದಲ ಇದ್ರೆ ನಮಗೇ ಗೊತ್ತಾಗದ ಹಾಗೆ ಧ್ವನಿ ಏರಿಸ್ತೀವಿ. ಇದನ್ನ ಲೊಂಬಾರ್ಡ್ ಅನ್ನೋ ಫ್ರೆಂಚ್ ವೈದ್ಯರು 1911ರಲ್ಲೇ ಬರೆದಿದ್ದಾರೆ. ಅರ್ಧ ಮನೆ ಮೇಲೆ, ಅದೂ ಎದೆಯಿಂದ ನೂಕಿ ನೂಕಿ. ಒಡೆಯದೆ ಏನಾಗುತ್ತೆ?

ಒಂದೂವರೆ_ಮನೆ:
ಇಡೀ ಬ್ಯಾಂಡ್ ಅರ್ಧ ಮನೆ ಇಳಿಸಲಿ. ಎಷ್ಟೋ ದೊಡ್ಡ ಬ್ಯಾಂಡ್‌ಗಳು ಹಾಗೇ ನುಡಿಸ್ತಾರೆ. ಇನ್ನೊಂದು, ಮೇಲೆ ಹೋಗ್ತಾ ಬಾಯಿ ಅಗಲ ಮಾಡಿ ಆ ಅನ್ನಬೇಡ. ಸ್ವಲ್ಪ ಓ ಕಡೆಗೆ ವಾಲಿಸು, ದವಡೆ ಸಡಿಲ ಬಿಡು, ಜೋರು ಕಡಿಮೆ ಮಾಡು. ಮೊದಮೊದಲು ಸಣ್ಣ ಧ್ವನಿ ಅನ್ನಿಸುತ್ತೆ, ಹೆದರಬೇಡ. ಬೆಳಿಗ್ಗೆ ಎದ್ದಾಗ ಧ್ವನಿ ಕರಕರ ಅನ್ನುತ್ತಾ?

ಮಂಡ್ಯ_ಗಂಟಲು:
ರೂಮಿಗೆ ಹೋದ ಮಾರನೇ ದಿನ ಅನ್ನುತ್ತೆ. ಸಂಜೆಗೆ ಸರಿಹೋಗುತ್ತೆ.

ಒಂದೂವರೆ_ಮನೆ:
ಹಾಗಾದ್ರೆ ಈ ವಾರ ಬಿಡುವು ಕೊಡು. ಕರಕರ ಹೋಗದೆ ಮೂರು ವಾರ ಹಾಗೇ ನಿಂತ್ರೆ ಮೈಸೂರಿನ ಮಾನಸಗಂಗೋತ್ರೀಲಿ ವಾಕ್ ಶ್ರವಣ ಸಂಸ್ಥೆ ಇದೆ, ಧ್ವನಿ ತೊಂದರೇನೂ ನೋಡ್ತಾರೆ. ಇಷ್ಟು ಹತ್ರ ಇದ್ದೂ ನಮ್ಮೂರಿನ ಹಾಡುಗಾರರು ಹೋಗಲ್ಲ, ಗಂಟಲು ಪೂರ್ತಿ ಕೆಟ್ಟ ಮೇಲೆ ಹೋಗ್ತಾರೆ. ನನಗೆ ಅದೇ ಸಂಕಟ.

ಕಾವೇರಿ_ರಾಕ್:
ಅಲ್ಲಿ ಹೋದಾಗ ಆಸಿಡ್ ಬಗ್ಗೇನೂ ಕೇಳಿ.

ಮಂಡ್ಯ_ಗಂಟಲು:
ಹತ್ತು ದಿನ ಆದ್ಮೇಲೆ ಬರೀತಿದ್ದೀನಿ. ಒಂದು ವಾರ ಹಾಡಲಿಲ್ಲ. ನಿನ್ನೆ ಗಿಟಾರ್ ಶ್ರುತಿ ಇಳಿಸಿದೆ, ಡ್ರಮ್ಸನ್ನ ಮೂಲೆಗೆ ತಳ್ಳಿದ್ವಿ, ಸ್ಪೀಕರ್ ನನ್ನ ಮುಂದೆ ತಂದ್ವಿ. ಎಂಟಕ್ಕೆ ಆರು ಬಂತು. ಆರು! ಡ್ರಮ್ಮರ್ ಏನೂ ಹೇಳಲಿಲ್ಲ, ಕೋಲು ಕೆಳಗಿಟ್ಟು "ಇನ್ನೊಂದ್ಸಲ" ಅಂದ. ಆದ್ರೆ ಬಾಸ್ ನುಡಿಸೋನು ತಂತಿ ಇಳಿಸೋಕೆ ಒಪ್ತಿಲ್ಲ, ಸಡಿಲ ಆಗಿ ಝರ್ ಅನ್ನುತ್ತಂತೆ. ನಿನ್ನೆ ಅವನಿಲ್ಲದೇ ಹಾಡಿದ್ದು.

ರಿಫ್_ರಾಜ:
ಅವನಿಗೆ ಒಂದು ನಂಬರ್ ದಪ್ಪ ತಂತಿ ಹಾಕೋಕೆ ಹೇಳು. ಭಾನುವಾರ ನಮ್ಮ ರೂಮ್ ಖಾಲಿ ಇದೆ, ಕುವೆಂಪುನಗರ. ಎಲ್ಲರೂ ಬನ್ನಿ, ಇನ್-ಇಯರ್ ಹಾಕ್ಕೊಂಡು ಹಾಡಿ ನೋಡು. ದುಡ್ಡು ಬೇಡ.

ಮಂಡ್ಯ_ಗಂಟಲು:
ಬರ್ತೀವಿ ಅಣ್ಣ. ಬೆಳಿಗ್ಗೆ ರೈಲಿಗೆ ಬಂದ್ರೆ ಹತ್ತಕ್ಕೆ ಅಲ್ಲಿರ್ತೀವಿ. ಮೈಕ್ ಕೇಬಲ್ ನಿಮ್ಮ ಹತ್ರ ಇದೆಯಾ, ನಾವೇ ತರ್ಬೇಕಾ?