ಕೊಲೋಸಿಯಂನ ಒಂದೇ ಬದಿ ಕುಸಿದದ್ದು ಏಕೆ?

ಪ್ರಶ್ನೆ: ಶಿಕ್ಷಕಿ, ಮಂಗಳೂರು

ಎಂಟನೆಯ ತರಗತಿಗೆ ರೋಮನ್ ನಾಗರಿಕತೆಯ ಪಾಠ ಮಾಡುವಾಗ ರೋಮ್ ನಗರದ ಪ್ರಾಚೀನ ಬಯಲು ಕ್ರೀಡಾಂಗಣವಾದ ಕೊಲೋಸಿಯಂ ಚಿತ್ರ ತೋರಿಸಿದೆ. ಒಬ್ಬಳು ಹುಡುಗಿ ಎದ್ದು, "ಟೀಚರ್, ಒಂದು ಬದಿ ನಾಲ್ಕು ಅಂತಸ್ತು, ಇನ್ನೊಂದು ಬದಿ ಎರಡೇ. ಕಟ್ಟಿ ಮುಗಿಸಲಿಲ್ಲವೇ?" ಎಂದು ಕೇಳಿದಳು. ಭೂಕಂಪಕ್ಕೆ ಬಿತ್ತು ಎಂದೆ. "ಹಾಗಾದರೆ ಒಂದೇ ಬದಿ ಏಕೆ ಬಿತ್ತು?" ಎಂದಳು. ಕಟ್ಟಡದ ಕೆಲಸ ಬಲ್ಲವರು ಯಾರಾದರೂ ತಿಳಿಸುವಿರಾ?

ಉತ್ತರ: ಸಿವಿಲ್ ಎಂಜಿನಿಯರ್, ಉಡುಪಿ

ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ ಟೀಚರ್. ಅವಳ ಪ್ರಶ್ನೆಗೆ ಉತ್ತರ ಇರುವುದು ಪಂಚಾಂಗದ, ಅಂದರೆ ಅಡಿಪಾಯದ, ಕೆಳಗಿನ ಮಣ್ಣಿನಲ್ಲಿ.

ಅದು ತಗ್ಗು ಜಾಗ. ರೋಮನ್ ಚಕ್ರವರ್ತಿ ನೀರೋ ತನ್ನ ಅರಮನೆಗೆಂದು ಅಲ್ಲಿ ಕೆರೆ ಮಾಡಿಸಿದ್ದ. ಮುಂದೆ ಚಕ್ರವರ್ತಿಯಾದ ವೆಸ್ಪಾಸಿಯನ್ ಅದನ್ನು ಬತ್ತಿಸಿ ಕ್ರಿ.ಶ. 72ರ ಸುಮಾರಿಗೆ ಕೆಲಸ ಹಿಡಿಸಿದ, ಮಗ ಟೈಟಸ್ 80ರಲ್ಲಿ ಉದ್ಘಾಟಿಸಿದ. ಸುಮಾರು 12 ಮೀಟರ್ ದಪ್ಪದ ಕಾಂಕ್ರೀಟ್ ಉಂಗುರದ ಮೇಲೆ ಇಡೀ ಕಟ್ಟಡ ಕುಳಿತಿದೆ. ಪಂಚಾಂಗದಲ್ಲಿ ಜಿಪುಣತನ ಮಾಡಿದವರಲ್ಲ. ಆದರೆ ಉತ್ತರದ ಬದಿಗೆ ಸಿಕ್ಕಿದ್ದು ಗಟ್ಟಿ ನೆಲ, ದಕ್ಷಿಣದ ಬದಿಗೆ ಹಳೆಯ ತೊರೆಯೊಂದು ತಂದು ಹಾಕಿದ ಮೆಕ್ಕಲು. ಸಡಿಲ ಮಣ್ಣಿನಲ್ಲಿ ಭೂಕಂಪದ ಅಲುಗಾಟ ಹೆಚ್ಚು. 1349ರ ಭೂಕಂಪಕ್ಕೆ ದಕ್ಷಿಣದ ಹೊರಗೋಡೆ ಮಲಗಿತು. ಉತ್ತರದಲ್ಲಿ ಅದೇ ಗೋಡೆ ಇಂದಿಗೂ 48 ಮೀಟರ್ ಎತ್ತರಕ್ಕೆ ನಿಂತಿದೆ. ಮುರಕಲ್ಲಿನ ಗುಡ್ಡದ ಮೇಲೆ ಕಟ್ಟಿದ ಮನೆ, ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಮನೆ ಎರಡನ್ನೂ ಕಂಡ ನಮ್ಮ ಮಕ್ಕಳಿಗೆ ಇದು ಕೂಡಲೇ ಅರ್ಥವಾದೀತು.

ಇನ್ನೊಂದು ಸಂಗತಿ. ಹೊರಗೋಡೆಯ ಟ್ರಾವರ್ಟೈನ್ ಎಂಬ ಸುಣ್ಣಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಯಿಂದ ಬಿಗಿದಿದ್ದರು. ಮಧ್ಯಯುಗದಲ್ಲಿ ಜನ ಲೋಹದ ಆಸೆಗೆ ಸಂದುಗಳನ್ನು ಕೊರೆದು ಆ ಕೊಂಡಿಗಳನ್ನು ಕಿತ್ತರು. ಚಿತ್ರವನ್ನು ಹಿಗ್ಗಿಸಿ ನೋಡಿ, ಕಲ್ಲುಗಳು ಕೂಡುವಲ್ಲೆಲ್ಲ ಕಾಣುವ ತೂತುಗಳು ಅವೇ. ಅಷ್ಟು ಕಿತ್ತ ಮೇಲೂ ಗೋಡೆ ತನ್ನ ಭಾರದಿಂದಲೇ ನಿಂತಿದೆಯಲ್ಲ, ಆ ಕಲ್ಲುಕುಟಿಗರ ಕೈಗೆ ನಾನು ತಲೆಬಾಗುತ್ತೇನೆ.

ಉತ್ತರ: ಬಾರ್ಕೂರಿನವನು

ಬಿದ್ದ ಕಲ್ಲುಗಳೆಲ್ಲ ಎಲ್ಲಿ ಹೋದವು? ನಮ್ಮ ಕೋಟೆಯ ಕಲ್ಲು ಯಾರ್‍ಯಾರ ಹಿತ್ತಿಲು ಸೇರಿತು ಎಂದು ನನ್ನ ಅಜ್ಜ ಹೇಳುತ್ತಿದ್ದರು.

ಉತ್ತರ: ಸಿವಿಲ್ ಎಂಜಿನಿಯರ್, ಉಡುಪಿ

ಅಲ್ಲಿಯೂ ಅದೇ ಕಥೆ ಮಾರಾಯರೇ. ಶತಮಾನಗಳ ಕಾಲ ಅದು ರೋಮ್ ನಗರದ ಕಲ್ಲುಕೋರೆಯಾಗಿತ್ತು. ಸೇಂಟ್ ಪೀಟರ್ ಚರ್ಚಿಗೂ ಅಲ್ಲಿಂದ ಕಲ್ಲು ಹೋಗಿದೆ. 1749ರಲ್ಲಿ ಪೋಪ್ 14ನೆಯ ಬೆನೆಡಿಕ್ಟ್ ಅದನ್ನು ಕ್ರಿಸ್ತನ ಯಾತನೆಗೆ ಅರ್ಪಿಸಿ ಪವಿತ್ರ ಸ್ಥಳವೆಂದು ಸಾರಿದ ಮೇಲೆ ಕಲ್ಲು ಸಾಗಿಸುವುದಕ್ಕೆ ತಡೆ ಬಿತ್ತು.

ಆದರೆ ಹೊರಗೋಡೆ ಹರಿದ ಕಡೆ ತುದಿಗಳು ಆಸರೆಯಿಲ್ಲದೆ ವಾಲುತ್ತಿದ್ದವು. ನನಗೆ ಬಹಳ ಮೆಚ್ಚಿಕೆಯಾದ ಕೆಲಸ ಇಲ್ಲಿದೆ. 1806-07ರಲ್ಲಿ ರಫಾಯೆಲೆ ಸ್ಟರ್ನ್ ಎಂಬ ವಾಸ್ತುಶಿಲ್ಪಿ ಪೂರ್ವದ ತುದಿಗೆ ಇಟ್ಟಿಗೆಯ ದೈತ್ಯ ಆಸರೆ ಕೊಟ್ಟ. ಕಮಾನಿನ ಕಲ್ಲುಗಳು ಜಾರಿ ಓರೆಯಾಗಿದ್ದವು. ಅವನು ಅವುಗಳನ್ನು ಬಿಚ್ಚಲಿಲ್ಲ, ನೇರ ಮಾಡಲಿಲ್ಲ. ಜಾರಿದ ಭಂಗಿಯಲ್ಲೇ ಹಿಡಿದು ಕಮಾನಿನ ಬಾಯಿಗೆ ಇಟ್ಟಿಗೆ ತುಂಬಿದ. ಬೀಳುತ್ತಿರುವ ಕಲ್ಲು ಬೀಳುವ ಕ್ಷಣದಲ್ಲೇ ನಿಂತುಬಿಟ್ಟಿದೆ.

1820ರ ದಶಕದಲ್ಲಿ ಪಶ್ಚಿಮದ ತುದಿಯನ್ನು ಜುಸೆಪ್ಪೆ ವಲಾಡಿಯರ್ ಬೇರೆ ರೀತಿಯಲ್ಲಿ ಗಟ್ಟಿಮಾಡಿದ. ಹಳೆಯ ಕಮಾನುಗಳಂತೆಯೇ ಹೊಸ ಕಮಾನುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಹೆಚ್ಚಿನ ಭಾಗ ಇಟ್ಟಿಗೆಯಲ್ಲೇ ಕಟ್ಟಿದ. ನೋಡಲು ಚೆಂದ ಅದು. ಆದರೂ ನನ್ನ ಮತ ಸ್ಟರ್ನ್‌ಗೆ. ಕಟ್ಟಡಕ್ಕೆ ಏನಾಗಿತ್ತು ಎಂಬುದನ್ನು ಅವನ ಗೋಡೆ ಮುಚ್ಚಿಡುವುದಿಲ್ಲ.

ಉತ್ತರ: ಶಿಕ್ಷಕಿ, ಮಂಗಳೂರು

ತುಂಬ ಉಪಕಾರವಾಯಿತು ಸರ್. ಪೂರ್ವದ ತುದಿಯ ಚಿತ್ರ ಸಿಕ್ಕಿತು, ಓರೆಯಾದ ಕಲ್ಲುಗಳು ಸ್ಪಷ್ಟವಾಗಿ ಕಾಣುತ್ತಿವೆ. ತರಗತಿಯ ಗೋಡೆಗೆ ಹಚ್ಚಲು ದೊಡ್ಡ ಪ್ರತಿ ತೆಗೆಸುತ್ತೇನೆ.